ಬಿತ್ತನೆಗೆ ಅಂತ ಎತ್ತಿಟ್ಟ ಗಡ್ಡೆ

ನಮ್ಮ ಭಾವ ಚಿನ್ನಪ್ಪನವರು ಹೆಂಡತಿ ಸತ್ತಾಗ ಅಳಲಿಲ್ಲ. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ವರ್ತೂರಲ್ಲಿ ನಮ್ಮ ಬೀದಿಯೋರೆಲ್ಲ ಅವರ ಬಗ್ಗೆ ಮೊದಲು ಹೇಳೋದೇ ಅದು. ಹೆಣದ ಮುಂದೆ ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತಿದ್ರು. ಬಂದೋರು ಕೈ ಹಿಡಿದ್ರೆ ಹಿಡಿಸಿಕೊಂಡ್ರು, ಕಾಫಿ ಕೊಟ್ರೆ ಕುಡಿದ್ರು. ಮಣ್ಣು ಮಾಡಿ ಬಂದ ಮೇಲೆ ಟ್ಯಾಂಕರ್‌ನೋನಿಗೆ ಫೋನ್ ಮಾಡಿ, ಮನೇಲಿ ಜನ ಜಾಸ್ತಿ ಇದಾರೆ, ನಾಳೆ ಇನ್ನೊಂದು ಲೋಡ್ ನೀರು ಕಳಿಸಪ್ಪ ಅಂದ್ರು. ಕಲ್ಲು ಮನುಷ್ಯ ಅಂದ್ರು ಜನ. ನಾನು ವೇಣಿ, ಅವರ ತಮ್ಮನ ಹೆಂಡತಿ, ಮದುವೆಯಾಗಿ ಬಂದಾಗಿಂದ ಅದೇ ಕಾಂಪೌಂಡಲ್ಲಿ ಇರೋಳು, ಬಾಯಿ ಜೋರು ಅಂತ ಹೆಸರು ತಗೊಂಡೋಳು. ನಾನು ಹೇಳ್ತೀನಿ ಕೇಳಿ, ಅದು ಕಲ್ಲಲ್ಲ. ಫ್ಯಾಕ್ಟರೀಲಿ ಪ್ರೆಸ್ ಮಷೀನಿಗೆ ಸಿಕ್ಕಿ ಅವರ ಬೆರಳಿನ ತುದಿ ಹೋಗಿತ್ತಲ್ಲ, ಆಗ ನೋವೇ ಆಗ್ಲಿಲ್ಲ, ನೆಲದ ಮೇಲೆ ಬೆರಳು ಬಿದ್ದಿದ್ದು ನೋಡಿದೆ ಅಷ್ಟೇ ಅಂತ ಅವರೇ ಹೇಳಿದ್ರು. ಅವತ್ತು ಕುರ್ಚಿ ಮೇಲೆ ಕೂತಾಗ್ಲೂ ಅವರ ಮುಖ ಹಂಗೇ ಇತ್ತು.

ಭಾವ ಹುಟ್ಟಿದ್ದು ಕೆರೆ ಕೆಳಗೆ ಗದ್ದೆ ಇದ್ದ ಮನೇಲೇ. ಆದ್ರೆ ಮಣ್ಣಿನ ಕೆಲಸ ಅವರಿಗೆ ಬರಲ್ಲ. ಮೀಸೆ ಬರೋಕೆ ಮುಂಚೆ ವೈಟ್‌ಫೀಲ್ಡ್ ಕಡೆ ಒಂದು ಫ್ಯಾಕ್ಟರಿ ಸೇರಿದ್ರು, ವಯಸ್ಸೆಲ್ಲ ಆ ಮಷೀನಿನ ಮುಂದೇನೇ ಹೋಯ್ತು. ಅಷ್ಟರಲ್ಲಿ ಗದ್ದೆ ಲೇಔಟ್ ಆಯ್ತು, ಹಳೇ ಮನೆ ಕೆಡವಿದ ಜಾಗದಲ್ಲಿ ಬಾಡಿಗೆ ಬಿಲ್ಡಿಂಗ್ ಎದ್ದಿತು, ಭಾವ ರಿಟೈರ್ ಆಗಿ ಓನರ್ ಅಂಕಲ್ ಆದ್ರು. ಒಳ್ಳೆ ಮನುಷ್ಯ. ಕುಡಿಯಲ್ಲ, ಹೆಂಡತಿ ಮೇಲೆ ಕೈ ಎತ್ತಿದೋರಲ್ಲ. ಊಟಕ್ಕೆ ಕೂತ್ರೆ ತಟ್ಟೆಗೆ ಬಿದ್ದಿದ್ದು ತಿಂದು ಎದ್ದು ಹೋಗೋರು. ಬಡಿಸಿದೋಳು ಏನು ತಿಂದ್ಲು ಅಂತ ತಿರುಗಿ ನೋಡಿದೋರಲ್ಲ. ಯಾವ ಗಂಡಸು ನೋಡ್ತಾನೆ ಬಿಡಿ, ನನ್ನ ಗಂಡನೂ ನೋಡಲ್ಲ.

ಅವರ ಹೆಂಡತಿ ಅನುಸೂಯಮ್ಮ ನನಗೆ ಓರಗಿತ್ತಿ, ಆದ್ರೆ ನಾನು ಕರೀತಿದ್ದಿದ್ದು ಅಕ್ಕ ಅಂತ. ಮಾತು ಕಡಿಮೆ. ಇಡೀ ಮನೆ ಉಂಡ ಮೇಲೆ ಉಣ್ಣೋಳು. ಜೊತೇಲೇ ಕೂತ್ಕೋ ಬಾರಕ್ಕ ಅಂದ್ರೆ, "ನೀವು ಉಣ್ಣಿ, ನಂದು ಆಮೇಲೆ" ಅನ್ನೋಳು. ಅದೊಂದು ಮಾತು ದಿನಾ ಕೇಳಿ ಕೇಳಿ ನಮ್ಮ ಕಿವಿಗೆ ಅದು ಮಾತು ಅಂತಾನೇ ಅನ್ನಿಸ್ತಿರಲಿಲ್ಲ. ಅಕ್ಕ ಗಂಡನಿಗೆ ಎದುರು ನಿಂತಿದ್ದು ಒಂದೇ ಸಲ. ಬಿಲ್ಡಿಂಗ್ ಹಿಂದೆ ಉಳಿದಿದ್ದ ಚೂರು ಹಿತ್ತಲಿಗೂ ಕಾಂಕ್ರೀಟ್ ಹಾಕಿ ಬಾಡಿಗೆಯೋರ ಬೈಕ್ ನಿಲ್ಲಿಸೋಕೆ ಜಾಗ ಮಾಡ್ಬೇಕು ಅಂತ ಭಾವ ಹೊರಟಾಗ, ಮಣ್ಣಲ್ಲಿ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಲು. ಜಲ್ಲಿ ತಂದಿದ್ದ ಟ್ರ್ಯಾಕ್ಟರ್ ವಾಪಸ್ ಹೋಯ್ತು.

ಆ ಹಿತ್ತಲಲ್ಲಿ ಕೊತ್ತಂಬರಿ, ಮೆಂತ್ಯ, ಗೋಡೆ ಮೂಲೇಲಿ ಪುದೀನ, ಮಧ್ಯ ನಾಲ್ಕು ಸಾಲು ಉರುಳಗಡ್ಡೆ. ನೀವು ಆಲೂಗಡ್ಡೆ ಅಂತೀರ, ನಮ್ಮ ಕಡೆ ಉರುಳಗಡ್ಡೆ. ದೀಪಾವಳಿ ಕಳೀತಿದ್ದಂಗೆ ದಪ್ಪ ಗಡ್ಡೆ ತಂದು, ಒಂದೊಂದು ಹೋಳಿಗೂ ಒಂದೊಂದು ಕಣ್ಣು ಬರೋ ಹಂಗೆ ಕೊಯ್ದು, ಕೊಯ್ದ ಕಡೆ ಬೂದಿ ಒತ್ತಿ ನೆಡೋಳು. ಗ್ಯಾಸ್ ಒಲೆ ಇರೋ ಮನೇಲಿ ಬೂದಿ ಎಲ್ಲಿಂದ ಬಂತು ಅಂತ ನಾವ್ಯಾರೂ ಕೇಳಲಿಲ್ಲ. ಕಿತ್ತಾಗ ದಪ್ಪನೆಯವು ಅಡುಗೆಮನೆಗೆ, ಒಂದು ಪಾಲು ನನಗೆ, ಬಾಡಿಗೆಯೋರಿಗೂ ಒಂದೊಂದು ಹಿಡಿ, ಜೊತೆಗೆ ಕೊತ್ತಂಬರಿ ಕಟ್ಟು. ಗೋಲಿ ಗಾತ್ರದವನ್ನ ಮಾತ್ರ ಆರಿಸಿ ಹಳೇ ಸೀರೆ ತುಂಡಲ್ಲಿ ಗಂಟು ಕಟ್ಟೋಳು. ಇವು ಯಾಕಕ್ಕ ಅಂದ್ರೆ ಬಿತ್ತನೆಗೆ ಅನ್ನೋಳು. ಬಿತ್ತೋವಾಗ ಕೊಯ್ದು ನೆಡ್ತಿದ್ದಿದ್ದು ದಪ್ಪ ಗಡ್ಡೆ. ಆ ಗಂಟು ಎಲ್ಲಿಗೆ ಹೋಗ್ತಿತ್ತು ಅಂತಾನೂ ಯಾರೂ ಕೇಳಲಿಲ್ಲ.

ಕಾರ್ತೀಕ ಮಾಸ, ಗಡ್ಡೆ ಗಿಡ ಗೇಣುದ್ದ ಬಂದಿತ್ತು. ಬೆಳಗ್ಗೆ ಬಾಗಿಲಿಗೆ ನೀರು ಹಾಕ್ತಿದ್ದೋಳು ಅಲ್ಲೇ ಕುಸಿದ್ಲು. ಆಸ್ಪತ್ರೆ ಗೇಟು ದಾಟೋಕೆ ಮುಂಚೆ ಹೋಗಿಬಿಟ್ಟಿದ್ಲು.

ಹನ್ನೊಂದನೇ ದಿನದ ತಿಥಿಗೆ ಎಡೆ ಇಡ್ಬೇಕಲ್ಲ. ಸತ್ತೋರಿಗೆ ಏನು ಇಷ್ಟವೋ ಅದು ಎಲೆ ಮೇಲೆ ಮೊದಲು ಬೀಳ್ಬೇಕು, ನಮ್ಮಲ್ಲಿ ಅದಕ್ಕೆ ನಾಚಿಕೆ ಪಡಲ್ಲ. ನಮ್ಮ ಮಾವನ ಎಡೆಗೆ ಬೀಡಿ ಕಟ್ಟು, ಕ್ವಾರ್ಟರ್ ಬಾಟ್ಲಿ ಎರಡೂ ಇಟ್ಟಿದ್ವಿ. ಅಕ್ಕನ ಎಡೆಗೆ ಏನಿಡೋದು ಅಂತ ನಮ್ಮ ಕುಲದ ಹಿರೀಕ ಅಮರಪ್ಪ ಕೇಳಿದ್ರು. ಅಕ್ಕನ ಮಗಳು ಗೌರಿ, ಹೊಸಕೋಟೆಗೆ ಕೊಟ್ಟಿರೋಳು, ಮುದ್ದೆ ಬಸ್ಸಾರು ಅಂದ್ಲು, ಅಂದವಳೇ ಅದು ಅಪ್ಪನಿಗೆ ಇಷ್ಟ ಅಂತ ನಾಲಿಗೆ ಕಚ್ಚಿಕೊಂಡ್ಲು. ನಾನು ಒಬ್ಬಟ್ಟು ಅಂದೆ, ಸುಮ್ನೆ ಬಾಯಿಗೆ ಬಂದಿದ್ದು. ಅಕ್ಕ ಸಿಹಿ ಮುಟ್ಟಿದ್ದು ನಾನು ನೋಡೇ ಇಲ್ಲ. ಕೊನೆಗೆ ಎಲ್ಲರೂ ಭಾವನ ಕಡೆ ತಿರುಗಿದ್ರು. ಅವರು ಎಲೆ ನೋಡ್ತಾ, ಏನಾದ್ರೂ ಹಾಕಿ ಅಂದ್ರು. ಅನ್ನ, ವಡೆ, ಪಾಯಸ ಹಾಕಿ ಮುಗಿಸಿದ್ವಿ. ಯಾರದೋ ಮದುವೆ ಊಟದ ಹಂಗಿತ್ತು ಆ ಎಲೆ, ನನಗೆ ನಾಚಿಕೆ ಆಯ್ತು.

ಅಲ್ಲಿಂದ ಹಿಡಿದುಕೊಂಡ್ರು ನೋಡಿ ಭಾವ. ಅವಳಿಗೆ ಏನು ಇಷ್ಟ ಇತ್ತು ಅಂತ ಸಿಕ್ಕಿದೋರನ್ನೆಲ್ಲ ಕೇಳೋರು. ದುಃಖದಿಂದ ಕೇಳ್ತಿದ್ರು ಅಂದ್ಕೋಬೇಡಿ, ಮೆಜೆಸ್ಟಿಕ್ ಬಸ್ಸು ಎಷ್ಟೊತ್ತಿಗೆ ಅಂತ ಕೇಳೋ ದನೀಲಿ. ಹಾಲು ತರೋ ಸೊಣ್ಣಮ್ಮನ್ನ ಕೇಳಿದ್ರು. ತರಕಾರಿ ಗಾಡಿಯೋನನ್ನ ಕೇಳಿದ್ರು. ಎಲ್ಲರೂ ಅಕ್ಕ ತಮಗೆ ಏನು ಮಾಡಿಕೊಡ್ತಿದ್ಲು ಅನ್ನೋದನ್ನೇ ಹೇಳಿದ್ರು. ಒಂದು ದಿನ ಬಸ್ಸು ಬದಲಾಯಿಸಿಕೊಂಡು ಜಿಗಣಿಗೆ ಹೋಗಿ ಅಕ್ಕನ ತಂಗಿ ಅಂಜಿನಮ್ಮನ್ನ ಕೇಳಿ ಬಂದ್ರು. ಮನೆ ತುಂಬ ಮಕ್ಕಳು ಭಾವ, ಇಷ್ಟ ಪಡೋಕೆ ಯಾರಿಗೆ ಪುರುಸೊತ್ತಿತ್ತು ಅಂದ್ಲಂತೆ ಅವಳು. ಮೂರನೇ ತಿಂಗಳಿಗೆ ನಮ್ಮ ಮನೇಲಿ ಇನ್ನೊಂದು ಎಡೆ ಇಡೋ ಪದ್ಧತಿ. ಅಷ್ಟರೊಳಗೆ ಗೊತ್ತಾಗ್ಬೇಕು ವೇಣಿ, ಇಲ್ಲಾಂದ್ರೆ ಅವಳು ಮತ್ತೆ ಹಸ್ಕೊಂಡು ಹೋಗ್ತಾಳೆ ಅಂದ್ರು. ಆಗ್ಲೂ ಕಣ್ಣು ಒಣಗೇ ಇತ್ತು. ನನಗೆ ಅವರನ್ನ ಬಯ್ಯಬೇಕು ಅನ್ನಿಸ್ತು, ಬಯ್ಯೋಕೂ ಆಗ್ಲಿಲ್ಲ.

ಈ ಮಧ್ಯ ಹಿತ್ತಲಿಗೆ ದಿನಾ ಬಕೀಟಲ್ಲಿ ನೀರು ಹೊಯ್ಯೋರು. ಅಕ್ಕ ಹೊಯ್ತಿದ್ಲಲ್ಲ, ಅದಕ್ಕೆ. ಶಿವರಾತ್ರಿ ಹತ್ರ ಬರ್ತಿದ್ದಂಗೆ ಗಡ್ಡೆ ಗಿಡ ಹಳದಿಗೆ ತಿರುಗಿತು. ಭಾವ ಒಂದು ಬಕೀಟು ಇದ್ದಿದ್ದನ್ನ ಮೂರು ಮಾಡಿದ್ರು. ನಾನು ಎರಡು ವಾರ ಮಗಳ ಬಾಣಂತನಕ್ಕೆ ಹೋಗಿದ್ದೆ, ಬಂದು ನೋಡ್ತೀನಿ, ಹಿತ್ತಲು ಕೆಸರುಗದ್ದೆ! ಗದ್ದೆ ಮನೇಲಿ ಹುಟ್ಟಿ ಇಷ್ಟೂ ಗೊತ್ತಿಲ್ವಾ, ಎಲೆ ಹಳದಿ ಆದ್ರೆ ಬಾಯಾರಿಕೆ ಅಲ್ಲ ಭಾವ, ಬೆಳೆ ಬಲಿತಿದೆ ಅಂತ, ನೀರು ನಿಲ್ಲಿಸ್ಬೇಕು, ಇಲ್ಲಾಂದ್ರೆ ಒಳಗೆ ಕೊಳೆಯುತ್ತೆ ಅಂತ ಬಾಯಿಗೆ ಬಂದಂಗೆ ಅಂದೆ. ಅವರು ಕೈಲಿದ್ದ ಬಕೀಟು ಕೆಳಗಿಟ್ರು. ಸಾಯ್ತಾ ಇದೆ ಅಂದ್ಕೊಂಡೆ ಕಣಮ್ಮ ಅಂದ್ರು.

ಮೂರನೇ ತಿಂಗಳ ಎಡೆ ಭಾನುವಾರ ಬಿತ್ತು. ಬೆಳಗ್ಗೇನೇ ಕಿತ್ತುಬಿಡೋಣ, ಎಡೆಗೆ ಪಲ್ಯಕ್ಕಾದ್ರೂ ಆಗುತ್ತೆ ಅಂತ ಗೌರಿನೂ ಬಂದ್ಲು. ಭಾವ ಗುದ್ದಲಿ ಹಾಕಿದ್ರೆ ಮೊದಲ ಏಟಿಗೇ ಗಡ್ಡೆ ಎರಡು ಹೋಳು. ಗುದ್ದಲಿ ಕಿತ್ಕೊಂಡು, ಕೈಯಲ್ಲಿ ಬಗೀರಿ ಅಂದೆ. ಮಂಡಿಯೂರಿ ಕೂತು ಬಗೆದ್ರು. ಗಿಡ ಹಿಡಿದು ಎಳೆದ್ರೆ ಬುಡದಲ್ಲಿ ನೇತಾಡಿಕೊಂಡು ಬರ್ಬೇಕಾಗಿದ್ದ ಗಡ್ಡೆ ಬೆರಳ ಮಧ್ಯ ಪಿಚಕ್ ಅಂತ ಕರಗಿ ಹೋಗ್ತಿತ್ತು. ಕೊಳೆತ ವಾಸನೆ ಮೂಗಿಗೆ ಹೊಡೀತು. ಗೌರಿ ಮುಖಕ್ಕೆ ಸೆರಗು ಮುಚ್ಚಿಕೊಂಡು ಅತ್ಲು. ಭಾವ ಕೊಳೆತಿದ್ದನ್ನ ಒಂದು ಕಡೆ, ಒಳ್ಳೇದನ್ನ ಒಂದು ಕಡೆ ಹಾಕ್ತಾ ಹೋದ್ರು, ಫ್ಯಾಕ್ಟರೀಲಿ ರಿಜೆಕ್ಟ್ ಮಾಲು ಬೇರೆ ಮಾಡೋ ಹಾಗೆ. ದಪ್ಪನೆಯವು ಹೆಚ್ಚುಕಮ್ಮಿ ಎಲ್ಲ ಹೋಗಿದ್ವು. ನೀರು ಹೋಗದ ಗೋಡೆ ಬದಿಯ ಸಾಲಲ್ಲಿ ಮಾತ್ರ ಗೋಲಿ ಗಾತ್ರದವು ಒಂದು ಪುಟ್ಟಿ ಸಿಕ್ಕಿದ್ವು. ಭಾವ ಅವನ್ನ ನೋಡಿ, ಇವು ಬಿತ್ತನೆಗೆ ಅಂದ್ರು.

ಚಟ್ನಿಗಾದ್ರೂ ಆಗ್ಲಿ ಅಂತ ನಾನು ಪುದೀನ ಕೊಯ್ಯೋಕೆ ಮೂಲೆಗೆ ಹೋದೆ. ಮೂರು ತಿಂಗಳು ಯಾರೂ ಕೈ ಹಾಕದೆ ಮಂಡಿ ಎತ್ತರ ಹಬ್ಬಿತ್ತು. ಬುಡಕ್ಕೆ ಕೈ ಹಾಕಿದ್ರೆ ಇಟ್ಟಿಗೆ ತಗುಲಿತು. ಸರಿಸಿ ನೋಡಿದೆ. ಮೂರು ಇಟ್ಟಿಗೆ ಜೋಡಿಸಿದ ಒಲೆ. ಹಿಂದೆ ಗೋಡೆಗೆ ಮಸಿ. ಒಳಗೆ ಬೂದಿ, ಅರ್ಧ ಸುಟ್ಟ ತೆಂಗಿನ ಚಿಪ್ಪು. ಪಕ್ಕದಲ್ಲಿ ಮುಚ್ಚಳ ಬಿಗಿದಿಟ್ಟ ಚಿಕ್ಕ ಸ್ಟೀಲ್ ಡಬ್ಬಿ, ಅದರಲ್ಲಿ ಗಟ್ಟಿ ಕಟ್ಟಿದ ಉಪ್ಪು, ಖಾರದಪುಡಿ. ಬೂದಿ ಕೆದಕಿದಾಗ ಇದ್ದಿಲಾಗಿ ಹೋಗಿದ್ದ ಒಂದು ಪುಟ್ಟ ಗಡ್ಡೆ ಸಿಕ್ತು.

ಅಯ್ಯೋ ಶಿವನೇ, ಆಗ ಎಲ್ಲ ಒಂದೊಂದೇ ನೆನಪಾಯ್ತು. ಹಳೇ ಮನೇಲಿ ಸ್ನಾನದ ನೀರಿಗೆ ಹಂಡೆ ಒಲೆ ಇತ್ತು, ಸಂಜೆ ಅದರ ಕೆಂಡದಲ್ಲಿ ಅಕ್ಕ ಗಡ್ಡೆ ಸುಡೋಳು. ಒಳಗಿನ ತಿರುಳು ನಮಗೆಲ್ಲ ಕೊಟ್ಟು ಅಮ್ಮ ಸಿಪ್ಪೆ ತಿಂತಿದ್ಲು ಅಂತ ಗೌರಿ ಹೇಳಿದ್ಲು. ಬಿಲ್ಡಿಂಗ್ ಕಟ್ಟೋವಾಗ ಭಾವ ಆ ಒಲೆ ಒಡೆಸಿ ಗೀಸರ್ ಹಾಕಿಸಿದ್ರು. ಬಾಡಿಗೆಯೋರು ಬಂದ ಹೊಸದರಲ್ಲಿ ಅಕ್ಕ ಹಿತ್ತಲಲ್ಲಿ ಬೆಂಕಿ ಹಚ್ಚಿದ್ಲು, ಹೊಗೆ ಬರ್ತಿದೆ ಅಂತ ಮೇಲಿನೋರು ಕಂಪ್ಲೇಂಟ್ ಮಾಡಿದ್ರು. ಇದೇನು ಹಳ್ಳೀನಾ, ಮರ್ಯಾದೆ ತೆಗೀಬೇಡ, ಇನ್ಮೇಲೆ ಇಲ್ಲಿ ಬೆಂಕಿ ಹಚ್ಚಕೂಡದು ಅಂತ ಭಾವ ಎಲ್ಲರ ಮುಂದೆ ಅಂದ್ರು. ಅಕ್ಕ ಆಯ್ತು ಅಂದ್ಲು. ಆಮೇಲೆ ಬಾಡಿಗೆಯೋರು ಆಫೀಸಿಗೆ ಹೋಗಿ, ಗಂಡ ಊಟ ಮಾಡಿ ಟಿವಿ ಮುಂದೆ ತೂಕಡಿಸೋ ಹೊತ್ತಲ್ಲಿ, ಹೊಗೆ ಅಷ್ಟಾಗಿ ಬರದ ಚಿಪ್ಪು ಹಚ್ಚಿ, ಬಿತ್ತನೆಗೆ ಅಂತ ಎತ್ತಿಟ್ಟ ಗಡ್ಡೆ ಸುಟ್ಕೊಂಡು, ಪುದೀನ ಎಲೆ ಕಿತ್ಕೊಂಡು ಒಬ್ಬಳೇ ತಿಂದಿದಾಳೆ. ತನ್ನ ಮನೆ ಹಿತ್ತಲಲ್ಲಿ ಕಳ್ಳಿ ಹಾಗೆ. ನನಗೆ ಮೈಯೆಲ್ಲ ಉರೀತು. ಭಾವನ ಮೇಲೋ, ಪಕ್ಕದ ಬಾಗಿಲಲ್ಲೇ ಇದ್ದು ಬಾ ಅಂತ ನನ್ನ ಕರೀಲಿಲ್ಲವಲ್ಲ ಅಂತ ಅಕ್ಕನ ಮೇಲೋ, ಇವತ್ತಿಗೂ ಗೊತ್ತಿಲ್ಲ.

ಭಾವ ಆ ಇದ್ದಿಲ ಗಡ್ಡೆ ಅಂಗೈಲಿ ಇಟ್ಕೊಂಡು ನಿಂತಿದ್ರು. ಆಮೇಲೆ ಅದನ್ನ ಜೇಬಿಗೆ ಹಾಕಿ, ಒಳಗಿಂದ ಚಿಪ್ಪು ತಗೊಂಡು ಬಾ, ಹಚ್ಚೋಕೆ ಸೀಮೆಎಣ್ಣೆ ಇಲ್ದಿದ್ರೆ ತೆಂಗಿನ ನಾರು ತಾ ಅಂತ ಗೌರಿಗೆ ಅಂದ್ರು. ಪುಟ್ಟೀಲಿದ್ದ ಗೋಲಿ ಗಡ್ಡೆ ಸುಡೋಕೆ ಕುಕ್ಕರಗಾಲಲ್ಲಿ ಕೂತು ಹಚ್ಚಿದ್ರು. ಅಕ್ಕನ ಹಂಗೆ ಅವರಿಗೆ ಎಲ್ಲಿ ಬರ್ಬೇಕು, ಹಸಿ ನಾರು ತುರುಕಿ ದಟ್ಟ ಹೊಗೆ ಎಬ್ಬಿಸಿದ್ರು. ಮೂರನೇ ಫ್ಲೋರ್ ಬಾಲ್ಕನಿಯಿಂದ ಕೃಪಾ ಮೇಡಂ, ಕಂಪನಿ ಕೆಲಸದೋರು, ಒಳ್ಳೆ ಹುಡುಗೀನೇ, ಬಗ್ಗಿ ನೋಡಿದ್ರು. ಅಂಕಲ್, ಬಟ್ಟೆ ಒಣಗಿಸಿದೀನಿ, ಸ್ಮೋಕ್ ಬರ್ತಿದೆ ಅಂದ್ರು.

ಭಾವ ಕಣ್ಣು ಉಜ್ಜಿಕೊಂಡು ಮೇಲೆ ನೋಡಿದ್ರು.

"ಬಟ್ಟೆ ಒಳಗೆ ತಗೊಳ್ಳಿ ಮೇಡಂ," ಅಂದ್ರು. "ಇವತ್ತು ನಮ್ಮನೆಯೋಳು ಊಟಕ್ಕೆ ಬರ್ತಾಳೆ."

ಆ ಹುಡುಗಿ ಬಟ್ಟೆ ತೆಗೆದುಕೊಂಡು ಒಳಗೆ ಹೋದ್ಲು.

ಎಡೆಗೆ ನಾನು ವಡೆ ಮಾಡಿದ್ದೆ, ಪಾಯಸ ಮಾಡಿದ್ದೆ, ಎಲ್ಲ ಆಮೇಲೆ ಹಾಕಿದ್ವಿ. ಎಲೆ ಮೇಲೆ ಮೊದಲು ಬಿದ್ದಿದ್ದು ಸಿಪ್ಪೆ ಕರ್ರಗಾದ ಗೋಲಿ ಗಡ್ಡೆ, ಒಂದು ಚಿಟಿಕೆ ಉಪ್ಪುಖಾರ, ನಾಲ್ಕು ಪುದೀನ ಎಲೆ. ಭಾವನೇ ಹಾಕಿದ್ರು. ಬೆರಳು ಸುಟ್ಟಿದ್ದು ಅವರಿಗೆ ಗೊತ್ತಾಯ್ತೋ ಇಲ್ವೋ. ಪೂಜೆ ಮಾಡಿ, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಬಂದ್ವಿ. ಸತ್ತೋರು ಉಣ್ಣೋವಾಗ ಯಾರೂ ನೋಡಬಾರದು. ಈಗ ಅಳ್ತಾರೆ, ಈಗಲಾದ್ರೂ ಅಳ್ತಾರೆ ಅಂತ ನಾನು ಅವರ ಮುಖಾನೇ ನೋಡ್ತಾ ನಿಂತೆ. ಇಲ್ಲ. ಬಾಗಿಲ ಚಿಲಕ ನೋಡ್ತಾ ನಿಂತಿದ್ರು ಅಷ್ಟೇ.

ಬಾಗಿಲು ತೆಗೆದು, ಎಡೆಯದನ್ನ ಎಲ್ಲರಿಗೂ ಹಂಚಿ, ಸಾಲಾಗಿ ಎಲೆ ಹಾಕಿದ್ವಿ. ಭಾವನ ಎಲೆ ಮೊದಲನೇದು, ಯಾವಾಗಲೂ ಹಂಗೇ. ಗೌರಿ ನೀರಿನ ಲೋಟ ಇಟ್ಟು, ಕೂತ್ಕೋ ಅಪ್ಪ ಅಂದ್ಲು. ಅವರು ಗಡ್ಡೆ ಪುಟ್ಟಿ ಹಿಡ್ಕೊಂಡು ಅಡುಗೆಮನೆ ಬಾಗಿಲಲ್ಲೇ ನಿಂತಿದ್ರು.

"ನೀವು ಉಣ್ಣಿ," ಅಂದ್ರು. "ನಂದು ಆಮೇಲೆ."

ಗೌರಿ ಕೈಲಿದ್ದ ಚೆಂಬು ಕೆಳಗಿಟ್ಟು ನನ್ನ ಕಡೆ ನೋಡಿದ್ಲು. ನಾನು ಎಲೆ ಕಡೆ ಮುಖ ಬಗ್ಗಿಸಿದೆ. ತಾನು ಏನಂದೆ ಅಂತ ಆ ಮನುಷ್ಯನಿಗೆ ಗೊತ್ತಿರಲಿಲ್ಲ. ಒಬ್ಬೊಬ್ಬರ ಎಲೆಗೂ ಒಂದೊಂದು ಗಡ್ಡೆ ಹಾಕ್ತಾ ಬಂದ್ರು, ಬೇಕು ಅಂದೋರಿಗೆ ಇನ್ನೊಂದು ಹಾಕಿದ್ರು. ಎಲ್ಲರೂ ಉಂಡು ಕೈ ತೊಳೆದ ಮೇಲೆ ಪುಟ್ಟಿ ತಳದಲ್ಲಿ ಯಾರೂ ಮುಟ್ಟದ ಒಂದು ಗಡ್ಡೆ ಉಳಿದಿತ್ತು, ಪೂರ್ತಿ ಸೀದು ಹೋಗಿದ್ದು. ಅಡುಗೆಮನೆ ನೆಲದ ಮೇಲೆ, ಅಕ್ಕ ಕೂರ್ತಿದ್ದ ಜಾಗದಲ್ಲಿ ಗೋಡೆಗೆ ಒರಗಿ ಕೂತು, ಸಿಪ್ಪೆ ಸಮೇತ ತಿಂದ್ರು.