ರಹೀಮಣ್ಣನ ಕೇಶಶ್ರೀ ಪ್ರಶಸ್ತಿ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ನನ್ನ ಹೆಂಡತಿ ವಿಮಲ ಹೇಳುವುದು ಸುಳ್ಳಲ್ಲ. ಇಲ್ಲದಿದ್ದರೆ ಗೋಣಿಬೀಡಿನ ಅಬ್ದುಲ್ ರಹೀಮನಂಥವನನ್ನು ಹತ್ತು ಜನರೆದುರು ಕಳ್ಳ ಎನ್ನುತ್ತಿದ್ದೆನೇ?

ನಾನು ಜಾವಳಿ ಕಡೆಯ ಕಾಫಿ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್. ಭಾನುವಾರ ಬೆಳಿಗ್ಗೆ ರಹೀಮಣ್ಣನ ಕಟಿಂಗ್ ಶಾಪಿನ ಬೆಂಚಿನಲ್ಲಿ ಹಾಜರು. ಅಲ್ಲಿ ವರ್ಷದ ಕೊನೆಗೆ ಸಿನಿಮಾದವರಿಗೆ ನಾವು ಪ್ರಶಸ್ತಿ ಕೊಡುತ್ತಿದ್ದೆವು. ಚೆಂದದ ಮೀಸೆ ಯಾರದ್ದು, ಕೆನ್ನೆಗುಳಿ ಯಾರದ್ದು; ಎಲ್ಲಕ್ಕಿಂತ ದೊಡ್ಡದು ಕೂದಲಿನ ‘ಕೇಶಶ್ರೀ’. ಚೀಟಿ ಬರೆದು ಪೌಡರ್ ಡಬ್ಬಿಗೆ ಹಾಕಬೇಕು, ಗೆದ್ದವನ ಫೋಟೋ ಕನ್ನಡಿಯ ಮೇಲೆ. ಪಾಪ, ಆ ಹೀರೋಗಳಿಗೆ ಇದ್ಯಾವುದೂ ಗೊತ್ತಿರಲಿಲ್ಲ. ನಮ್ಮ ಜಗಳ ಮಾತ್ರ ಎಲೆಕ್ಷನ್ನಿಗಿಂತ ಜೋರು. ಡಬ್ಬಿ ಇರುತ್ತಿದ್ದುದು ರಹೀಮಣ್ಣನ ಹತ್ತಿರ. ಅವನ ಮಾತೆಂದರೆ ಊರಿಗೇ ನಂಬಿಕೆ.

ಮಂಗಳವಾರ ಅಂಗಡಿಗೆ ರಜೆ. ಆದರೂ ಶಟರ್ ಅರ್ಧ ಎಳೆದುಕೊಂಡು ಒಳಗೆ ಏನೋ ಮಾಡುತ್ತಿದ್ದ. ಜನ ಕೇಳಿದರೆ, “ಯಾರೂ ಇಲ್ಲ ಮಾರಾಯ್ರೆ, ಕತ್ತರಿ ಸಾಣೆ ಹಿಡೀತಿದ್ದೆ” ಎನ್ನುತ್ತಿದ್ದ.

ತೊಂಬತ್ತೇಳರಲ್ಲಿ ನನಗೊಂದು ಹುಕಿ ಬಂತು. ಕಾಣದ ಹೀರೋಗಳಿಗೆ ಯಾಕೆ, ನಮ್ಮ ಆರ್ಕೆಸ್ಟ್ರಾ ಬೆಳ್ಳಿಯಪ್ಪನಿಗೇ ಕೊಡೋಣ ಎಂದೆ. ಮೂಡಿಗೆರೆಯಿಂದ ಕಳಸದವರೆಗೆ ಗಣಪತಿ ಪೆಂಡಾಲುಗಳಲ್ಲಿ ಹಾಡುವವನು. ಹಣೆಯ ಮೇಲಿನ ಗುಂಗುರು ಕೂದಲನ್ನೊಮ್ಮೆ ಕೊಡವಿದರೆ ಸಾಕು, ಹೆಂಗಸರ ಕಡೆಯಿಂದ ಚಪ್ಪಾಳೆ. ಬಹುಮಾನವನ್ನೂ ನಾನೇ ಸಾರಿದೆ: ಹೊಸ ತಿರುಗು ಕುರ್ಚಿಯಲ್ಲಿ, ಎಲ್ಲರೆದುರು, ರಹೀಮಣ್ಣನ ಕೈಯಿಂದ ಎಣ್ಣೆ ಹಾಕಿ ತಲೆ ಮಾಲೀಶು!

“ಹೀರೋಗಳೇ ಇರ್ಲಿ ಬಿಡಿ ರೈಟ್ರೆ” ಎಂದ ರಹೀಮಣ್ಣ. ನಾನೆಲ್ಲಿ ಕೇಳುತ್ತೇನೆ?

ಎಣಿಕೆಯ ದಿನ ಅವನು ಡಬ್ಬಿಯೊಳಗೆ ಕೈಯಾಡಿಸಿ, “ಸಿನಿಮಾದವ್ರೇ ಗೆದ್ರು” ಎಂದುಬಿಟ್ಟ. ನನಗೆ ಪಿತ್ತ ನೆತ್ತಿಗೇರಿತು. ಡಬ್ಬಿ ಕಿತ್ತುಕೊಂಡು ನೋಡಿದರೆ ನಲವತ್ತರಲ್ಲಿ ಮೂವತ್ತೊಂದು ಚೀಟಿ ಬೆಳ್ಳಿಯಪ್ಪನದೇ.

“ನಮ್ಮ ಕಣ್ಣಿಗೇ ಮಣ್ಣೆರಚ್ತೀಯಾ?”

“ತಪ್ಪಾಯ್ತು ರೈಟ್ರೆ. ಆ ಬಹುಮಾನ ಒಂದು ಬೇಡ.”

“ಯಾಕೆ, ಹೇಳು!”

ಅವನು ಬಗ್ಗಿ, ಚೆಲ್ಲಿದ ಚೀಟಿಗಳನ್ನು ಹೆಕ್ಕತೊಡಗಿದ. “ಕಳ್ಳ!” ಎಂದು ಕೂಗಿ ಹೊರಟೆ. ಬೆಂಚಿನಲ್ಲಿದ್ದವರೂ ನನ್ನ ಹಿಂದೆಯೇ ಎದ್ದರು. ತಮಾಷೆಯ ಓಟಿನಲ್ಲೇ ಹೀಗೆ ಮಾಡುವವನನ್ನು ಹೇಗೆ ನಂಬುವುದು ಎಂದು ಊರೆಲ್ಲ ಮಾತಾಯಿತು. ಮೂರು ಭಾನುವಾರ ಅವನು ಖಾಲಿ ಅಂಗಡಿಯ ಬಾಗಿಲಲ್ಲಿ ಒಬ್ಬನೇ ಕೂತಿದ್ದ. ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ, ಆಗಬೇಕಾದ್ದೇ ಆಯಿತು ಎಂದುಕೊಂಡೆ.

ನಾಲ್ಕನೆಯ ಭಾನುವಾರ, ಹಾಡಲು ಪರವೂರಿಗೆ ಹೋಗಿದ್ದ ಬೆಳ್ಳಿಯಪ್ಪ ಸುದ್ದಿ ಕೇಳಿ, ಬಸ್ಸಿಳಿದವನೇ ಹೋಟೆಲಿಗೆ ಬಂದು ನನ್ನ ರಟ್ಟೆ ಹಿಡಿದ. “ಬನ್ನಿ ರೈಟ್ರೆ, ನನ್ನ ಬಹುಮಾನ ಬಾಕಿ ಉಂಟು.” ಹೋಟೆಲಿನಲ್ಲಿದ್ದವರೆಲ್ಲ ಹಿಂದೆ ಬಂದರು. ಅವನು ಅಂಗಡಿಯ ಹೊಸ ಕುರ್ಚಿಯಲ್ಲಿ ಕೂತು ಹಣೆಗೆ ಕೈ ಹಾಕಿದ್ದೇ ತಡ, ರಹೀಮಣ್ಣ ಶಟರ್ ಎಳೆಯಲು ಓಡಿದ.

“ಬೇಡ ರಹೀಮಣ್ಣ, ತೆಗ್ದೇ ಇರ್ಲಿ. ನಿಮ್ಮ ಮರ್ಯಾದೆಗಿಂತ ನನ್ನ ಕೂದ್ಲು ದೊಡ್ಡದಲ್ಲ.”

ಗುಂಗುರು ಕೂದಲು ಇಡಿಯಾಗಿ ಕೈಗೆ ಬಂತು. ವಿಗ್ಗು! ಅದನ್ನು ಕನ್ನಡಿಯ ಹಲಗೆಯ ಮೇಲಿಟ್ಟ. ಟೈಫಾಯ್ಡಿನಲ್ಲಿ ಉದುರಿದ ಕೂದಲು ಮತ್ತೆ ಬರಲೇ ಇಲ್ಲವಂತೆ. ಆರು ವರ್ಷದಿಂದ ಮಂಗಳವಾರ ಮಂಗಳವಾರ ಅದನ್ನು ತೊಳೆದು ಬಾಚಿಕೊಡುತ್ತಿದ್ದವನು ರಹೀಮಣ್ಣ. ಅಲ್ಲಿ ಯಾರೂ ನಗಲಿಲ್ಲ. ಅಂಗೈಗೆ ಎಣ್ಣೆ ಸುರಿದುಕೊಂಡು ಆ ಬೋಳು ತಲೆಯನ್ನು ತಿಕ್ಕುವಾಗ ರಹೀಮಣ್ಣನ ಕಣ್ಣು ಒದ್ದೆಯಾಗಿತ್ತು.

ಆಮೇಲೆ ಅದೇ ಕುರ್ಚಿಯಲ್ಲಿ ನಾನು ಕೂತೆ. ನಾಚಿಕೆಯಿಂದ ನೆಲ ಬಿರಿಯಬಾರದೇ ಅನಿಸುತ್ತಿತ್ತು. “ಕ್ಷಮಿಸಿಬಿಡು ಮಾರಾಯ” ಎಂದೆ. ಅವನು ಕೊರಳಿಗೆ ಬಟ್ಟೆ ಕಟ್ಟುತ್ತ, ನನಗೆ ಮಾತ್ರ ಕೇಳುವ ಹಾಗೆ ಹೇಳಿದ:

“ಮೀಸೆ ಬುಡ ಬೆಳ್ಳಗಾಗಿದೆ ರೈಟ್ರೆ. ಮಂಗಳವಾರ ಬನ್ನಿ.”

ಎಂಟು ವರ್ಷದಿಂದ ಅದೇ ಅರ್ಧ ಶಟರಿನ ಹಿಂದೆ ನನ್ನ ಮೀಸೆಗೆ ಬಣ್ಣ ಹಚ್ಚುತ್ತಿದ್ದವನೂ ಅವನೇ. ಅದು ಹುಟ್ಟಾ ಕಪ್ಪು ಎಂದೇ ವಿಮಲ ನಂಬಿದ್ದಳು. ನಾನು ಕಳ್ಳ ಎಂದು ಕೂಗಿದ ದಿನ ಅವನು ನನ್ನ ಮೀಸೆಯ ಬಗ್ಗೆ ಒಂದೇ ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ.