ಅಮಾಕುಸಾದ ಚರ್ಚಿಗೆ ಎರಡು ಸುತ್ತು

ಚರ್ಚಿನ ಬಾಗಿಲಲ್ಲಿ ಕೂತಿದ್ದ ಮುದುಕಿ ನನ್ನ ಹಣೆಗೆ ಜ್ವರ ನೋಡುವ ಯಂತ್ರ ಹಿಡಿದರು. ಜ್ವರವಿರಲಿಲ್ಲ. ನಂಬಿಕೆ ಬರಲಿಲ್ಲವೇನೋ, ಮತ್ತೊಮ್ಮೆ ಹಿಡಿದರು. ಆಮೇಲೆ ಪುಸ್ತಕ ಮುಂದಿಟ್ಟು ಹೆಸರು, ಫೋನ್ ನಂಬರು, ಊರು ಬರೆಯಲು ಹೇಳಿದರು. ನಗೋಯಾ ಎಂದು ಬರೆದೆ. ಅದಕ್ಕೂ ಮೊದಲು ಎಲ್ಲಿದ್ದಿರಿ ಎಂದು ಕೇಳಿದರು. ಐದು ವರ್ಷದಿಂದ ನಗೋಯಾದಲ್ಲೇ ಕಾರಿನ ಬ್ರೇಕ್ ಪರೀಕ್ಷಿಸುವ ಕೆಲಸ ನನ್ನದು. ಆದರೂ ಕೊರೋನಾ ಬಂದ ಮೇಲೆ ಎಲ್ಲರಿಗೂ ನಾನು ಈಗಷ್ಟೇ ವಿಮಾನ ಇಳಿದವಳಂತೆ ಕಾಣುತ್ತಿದ್ದೆ.

ಸೋಂಕು ಹರಡುವ ಮೊದಲು ಗಂಡ ನಮ್ಮ ಎರಡು ವರ್ಷದ ಮಗಳನ್ನು ಕರೆದುಕೊಂಡು ಮೂರು ವಾರಕ್ಕೆಂದು ಮೈಸೂರಿಗೆ ಹೋಗಿದ್ದರು. ಜಪಾನಿನ ಗಡಿ ಮುಚ್ಚಿತು. ತುಸು ತೆರೆದು, ನಮ್ಮ ಕಾಗದಪತ್ರ ಸರಿಹೋಗುವಷ್ಟರಲ್ಲಿ ಮತ್ತೆ ಮುಚ್ಚಿತು. ನಾನೇ ಹೊರಟರೆ ವಾಪಸ್ ಬಿಡುತ್ತಾರೆಂದು ಯಾರೂ ಭರವಸೆ ಕೊಡಲಿಲ್ಲ. ಮಗುವನ್ನು ಮುಟ್ಟದೆ ವರ್ಷದ ಮೇಲಾಗಿತ್ತು. ಮೈಸೂರಿನ ಚರ್ಚಿನಲ್ಲಿ ಮೇಣದಬತ್ತಿ ಹಚ್ಚಿ ಬಂದ ಅತ್ತೆ, ನೀನೂ ಅಲ್ಲೊಂದು ಹಚ್ಚು ಎಂದು ಫೋನಿನಲ್ಲಿ ಹೇಳಿದ್ದರು. ಮೈಸೂರಿನಲ್ಲಿ ಕುಂಕುಮ ಇಟ್ಟವರು ಚರ್ಚಿಗೆ ಹೋದರೆ ಯಾಕೆ ಬಂದಿರೆಂದು ಯಾರೂ ಕೇಳುವುದಿಲ್ಲ.

ಮೂವರೂ ರೋಮಿಗೆ ಹೋಗಿ ಪಾಳುಗೋಡೆಗಳನ್ನು ನೋಡುವುದೆಂದು ಮಾಡಿಸಿದ್ದ ಟಿಕೆಟ್ ರದ್ದಾಗಿತ್ತು. ಬದಲಿಗೆ ಒಬ್ಬಳೇ ಜಪಾನಿನದೇ ಹಾರಾ ಕೋಟೆಯ ಪಾಳು ನೋಡಿದೆ. ಸುಮಾರು ನಾನೂರು ವರ್ಷದ ಹಿಂದೆ ಬಂಡೆದ್ದ ಕ್ರೈಸ್ತ ರೈತರನ್ನು ಅಲ್ಲಿ ಕೊಂದು, ಗೋಡೆಯ ಕಲ್ಲುಗಳನ್ನೂ ಹೂತುಬಿಟ್ಟರಂತೆ. ರೋಮಿನಲ್ಲಿ ಪಾಳನ್ನು ತೋರಿಸುತ್ತಾರೆ, ಇಲ್ಲಿ ಅದನ್ನೂ ಬಚ್ಚಿಟ್ಟಿದ್ದರು. ದೋಣಿ ದಾಟಿ ಬಂದರೆ ಅಮಾಕುಸಾ ದ್ವೀಪ, ಮೀನುಗಾರರ ಹಳ್ಳಿ, ಈ ಚರ್ಚು. ಇದೇ ಜಾಗದಲ್ಲಿ ಹಿಂದೆ ಫುಮಿಎ ನಡೆಯುತ್ತಿತ್ತು. ಏಸುವಿನ, ಮೇರಿಯ ಚಿತ್ರ ನೆಲದ ಮೇಲಿಟ್ಟು ಒಬ್ಬೊಬ್ಬರಿಂದಲೂ ತುಳಿಸುವುದು, ಕಾಲು ಹಿಂಜರಿದವರನ್ನು ಗುಟ್ಟಾಗಿ ಉಳಿದ ಕ್ರೈಸ್ತರೆಂದು ಹಿಡಿಯುವುದು. ಜ್ವರದ ಯಂತ್ರದ ಎದುರು ನಾನೂ ಒಂದು ಹೆಜ್ಜೆ ಹಿಂದೆ ಸರಿದಿದ್ದೆ.

ಒಳಗೆ ಚಾಪೆಯ ನೆಲ. ನಮ್ಮ ಗುಡಿಯಂತೆಯೇ ಚಪ್ಪಲಿ ಬಿಟ್ಟು ಕೂತೆ, ಹಾಯೆನಿಸಿತು. ಮೇಣದಬತ್ತಿ ತೆಗೆದಾಗ ಮುದುಕಿ ಬೆಂಕಿ ಬೇಡವೆಂದು ತಡೆದರು. ಬೆಂಕಿಗೆ ಹೆದರಿದರೋ ನನಗೋ, ತಿಳಿಯಲಿಲ್ಲ. ಏನೂ ಬೇಡಿಕೊಳ್ಳದೆ ಹೋಗುವುದು ಹೇಗೆ? ಹೊರಗೆ ಬಂದು ಚರ್ಚಿಗೇ ಪ್ರದಕ್ಷಿಣೆ ಹಾಕತೊಡಗಿದೆ. ಎರಡು ಸುತ್ತು ಮುಗಿಯುವಷ್ಟರಲ್ಲಿ ಅವರು ಆ ಪುಸ್ತಕ ಹಿಡಿದು ಎದುರು ನಿಂತಿದ್ದರು.

“ಸುಮಿಮಾಸೆನ್, ಇಲ್ಲಿ ಏನು ಹುಡುಕ್ತಾ ಇದ್ದೀರಿ?”

ಸುಮಿಮಾಸೆನ್ ಎಂದರೆ ಕ್ಷಮಿಸಿ ಎಂದರ್ಥ. ಅದರಲ್ಲೇ ಗದರಿಸಲೂ ಇವರಿಗೆ ಬರುತ್ತದೆ. ಪೊಲೀಸರಿಗೆ ಫೋನ್ ಹೋಗಿ, ವೀಸಾಕ್ಕೇ ಸಂಚಕಾರ ಬಂದರೆ ಮಗಳು ಬರುವುದೆಲ್ಲಿಗೆ? ಮುರುಕು ಜಪಾನಿಯಲ್ಲಿ ಎಲ್ಲ ಹೇಳಿದೆ, ನಮ್ಮಲ್ಲಿ ದೇವರನ್ನು ಸುತ್ತಿ ಬೇಡುತ್ತೇವೆ ಎಂದೆ, ಮಗಳ ಫೋಟೋ ತೋರಿಸಿದೆ. ಎರಡು ಮೀಟರ್ ದೂರದಿಂದಲೇ ನೋಡಿದರು.

“ಎಷ್ಟು ಸುತ್ತು?”

“ಮೂರು. ಎರಡಾಯ್ತು.”

ಕೊನೆಯ ಬಸ್ಸು ಬಂತು, ಹೊರಡಿ ಎಂದರು. ನಯವಾಗಿಯೇ ಸಾಗಹಾಕಿದರು ಎಂದುಕೊಂಡೆ. ಬಸ್ಸಿನ ಕಿಟಕಿಯಿಂದ ನೋಡಿದರೆ ಅವರು ಚರ್ಚನ್ನು ಸುತ್ತುತ್ತಿದ್ದರು. ನಾನೇನಾದರೂ ಬಿಟ್ಟುಹೋದೆನೇ ಎಂದು ನೋಡುತ್ತಿದ್ದರೋ, ಉಳಿದ ಸುತ್ತು ಮುಗಿಸುತ್ತಿದ್ದರೋ? ಕೈಯಲ್ಲಿ ಸ್ಯಾನಿಟೈಸರ್ ಬಾಟಲಿಯಂತೂ ಇತ್ತು.

ಗಡಿ ಮತ್ತೆ ತೆರೆಯಿತು, ಚಳಿಗಾಲಕ್ಕೆ ಮುಂಚೆ ಗಂಡ, ಮಗಳು ಬಂದರು. ವಿಮಾನ ನಿಲ್ದಾಣದಲ್ಲಿ ಅವಳು ಅಪ್ಪನ ಕಾಲಿನ ಹಿಂದೆ ನಿಂತು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಅಪ್ಪಾ, ಫೋನಲ್ಲಿರೋ ಅಮ್ಮ ಇವ್ರೇನಾ?”

ಕೇಳಿದವರಿಗೆಲ್ಲ ಹೆಸರು, ಊರು ಬರೆದುಕೊಟ್ಟಿದ್ದೆ. ಇವಳಿಗೆ ಏನು ಬರೆದುಕೊಡಲಿ? ಮಾಸ್ಕ್ ಕೆಳಗಿಳಿಸಿ, ಎರಡು ಮೀಟರ್ ದೂರದಲ್ಲೇ ನೆಲದ ಮೇಲೆ ಕೂತು ಕಾದೆ.