ನೀಲಕ್ಕನ ಜರಡಿ

ನಮ್ಮ ಮನೆಯ ಮಹಡಿಗೆ ಹೊಸ ಸಂಸಾರ ಬಂದ ದಿನ, ಮಂಚದ ತಿರುಪು ಬಿಗಿಯಲು ಸ್ಕ್ರೂಡ್ರೈವರ್ ಕೇಳಿಕೊಂಡು ಒಬ್ಬ ಹೆಣ್ಣುಮಗಳು ಬಾಗಿಲಲ್ಲಿ ನಿಂತಿದ್ದಳು. ಕೊಡುವಾಗ ಅವಳ ಬೆರಳುಗಳನ್ನು ಕಂಡೆ. ಉಗುರಿನ ಸಂದಿಯಲ್ಲೆಲ್ಲ ನೀಲಿ.

"ಪೆನ್ನು ಸೋರುತ್ತಿದೆಯೇನಮ್ಮ? ನಿಬ್ಬು ಬದಲಾಯಿಸಬಾರದೆ?" ಎಂದೆ.

"ನೀವು ಮೇಷ್ಟ್ರಾ?"

"ಹೇಗೆ ಗೊತ್ತಾಯಿತು?"

"ಹೆಸರು ಕೇಳೋಕ್ಕೆ ಮುಂಚೆ ಕೈ ನೋಡಿ ಬೈದ್ರಲ್ಲ!"

ನಗುತ್ತ ಮೆಟ್ಟಿಲೇರಿ ಹೋದಳು. ಸ್ಕ್ರೂಡ್ರೈವರ್ ಮರಳಿ ಬಂದಾಗ ಅದರ ಹಿಡಿಗೂ ನೀಲಿ ಹತ್ತಿತ್ತು. ಬೀದಿಯ ಮಕ್ಕಳು ಅವಳನ್ನು ನೀಲಕ್ಕ ಎಂದು ಕರೆಯತೊಡಗಿದರು. ನನಗೂ ಅದೇ ರೂಢಿಯಾಯಿತು.

ಗಂಡ ರೈಲು ಓಡಿಸುವವನು, ಊರಲ್ಲಿ ನಿಲ್ಲುವುದು ಅಪರೂಪ. ಮನೆಯಲ್ಲಿ ಅವಳೂ ಅತ್ತೆಯೂ. ನಲವತ್ತರ ಹತ್ತಿರ ಬಂದ ಮೇಲೆ ಮತ್ತೆ ಓದಲು ಹೊರಟಿದ್ದಳು. ಡಾಕ್ಟರೇಟಿಗಾಗಿ ಒಂದು ಪ್ರಬಂಧ ಬರೆಯುತ್ತಿದ್ದಳು. ವಿಷಯವೇನೆಂದು ನನಗೆ ಬಿಡಿಸಿ ಹೇಳಲು ಅವಳು ಪಟ್ಟ ಪಾಡು ಅಷ್ಟಿಷ್ಟಲ್ಲ.

ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದಲ್ಲಿ ಆಮ್ಲಜನಕ ತೀರಿಹೋದ ಕಾಲಗಳಿದ್ದವಂತೆ. ಆಗ ತಳಕ್ಕೆ ಬಿದ್ದದ್ದು ಪೂರ್ತಿ ಕೊಳೆಯದೆ, ಕಪ್ಪಾಗಿ ಉಳಿದು ಕಲ್ಲಾಯಿತು. ತಳವನ್ನು ಕೊರೆದು ತೆಗೆದ ಕಲ್ಲಿನ ಕಂಬದಲ್ಲಿ ಅದು ಒಂದು ಕಪ್ಪು ಪಟ್ಟಿಯಾಗಿ ಕಾಣುತ್ತದೆ. ಆ ಪಟ್ಟಿ ಯಾವ ಕಾಲದ್ದು ಎಂದು ಹೇಳಬೇಕು. ಅದಕ್ಕೆ ಸಾಕ್ಷಿ, ನೀರಿನಲ್ಲಿ ತೇಲಿ ಬದುಕುತ್ತಿದ್ದ ಪ್ಲಾಂಕ್ಟನ್ ಎಂಬ ಜೀವಿಗಳ ಚಿಪ್ಪುಗಳು. ನೋಡಲು ಸೂಕ್ಷ್ಮದರ್ಶಕವೇ ಬೇಕು.

"ಮೇಷ್ಟ್ರೇ, ನಿಮ್ಮ ಶಾಲೆಯ ಗ್ರೂಪ್ ಫೋಟೋ ಕೊಟ್ಟು, ಯಾವ ವರ್ಷದ್ದು ಅಂದ್ರೆ ಹೇಗೆ ಹೇಳ್ತೀರಿ?"

"ಹೆಡ್‌ಮಾಸ್ಟರು ಯಾರು ಅಂತ ನೋಡ್ತೀನಿ. ಡ್ರಿಲ್ ಮೇಷ್ಟ್ರು ಇದ್ದಾರೋ ಇಲ್ಲವೋ ನೋಡ್ತೀನಿ."

"ನಾನು ಮಾಡೋದೂ ಅದೇ. ಒಂದೊಂದು ಜಾತಿ ಚಿಪ್ಪೂ ಒಂದು ಕಾಲಕ್ಕೆ ಬಂದು ಒಂದು ಕಾಲಕ್ಕೆ ಹೋಗುತ್ತೆ. ಕಪ್ಪು ಪಟ್ಟಿಯ ಕೆಳಗೆ ಯಾರಿದ್ದಾರೆ, ಮೇಲೆ ಯಾರಿದ್ದಾರೆ, ಅಷ್ಟೇ."

ನೀಲಿಯ ಗುಟ್ಟೂ ಆಗಲೇ ತಿಳಿಯಿತು. ಕಲ್ಲನ್ನು ನೆನೆಸಿ ಸಡಿಲಿಸಿ ಜರಡಿಯಲ್ಲಿ ತೊಳೆದರೆ ಚಿಪ್ಪು ಉಳಿಯುತ್ತದೆ. ಆದರೆ ಹಿಂದಿನ ಕಲ್ಲಿನ ಚಿಪ್ಪೊಂದು ಜರಡಿಯ ಕಣ್ಣಿಗೆ ಸಿಕ್ಕಿಕೊಂಡಿದ್ದು ಮುಂದಿನ ಕಲ್ಲಿಗೆ ಸೇರಿದರೆ ಲೆಕ್ಕವೆಲ್ಲ ತಲೆಕೆಳಗು. ಅದಕ್ಕೇ ಪ್ರತಿ ಸಲ ತೊಳೆದ ಮೇಲೆ ಜರಡಿಯನ್ನು ನೀಲಿ ಬಣ್ಣದ ನೀರಿನಲ್ಲಿ ಅದ್ದುತ್ತಾರೆ. ಸಿಕ್ಕಿಕೊಂಡ ಚಿಪ್ಪು ನೀಲಿಯಾಗುತ್ತದೆ. ಆಮೇಲೆ ಎಲ್ಲಿ ನುಸುಳಿದರೂ ಕಳ್ಳ ಸಿಕ್ಕಿಬಿದ್ದಂತೆ. ಕೈಗವಸು ಹಾಕಿದರೂ ಬಣ್ಣ ಹೇಗೋ ಬೆರಳಿಗೆ ಬರುತ್ತದಂತೆ.

ಅತ್ತೆಯವರ ನಾಲಿಗೆ ಹರಿತ, ಮನಸ್ಸು ಬೆಣ್ಣೆ. "ನೋಡಿ ಮೇಷ್ಟ್ರೇ, ಸಮುದ್ರದ ಉಸಿರು ಯಾವಾಗ ನಿಂತಿತು ಅಂತ ಹೇಳ್ತಾಳೆ. ಹಾಲು ಯಾವಾಗ ಉಕ್ಕಿತು ಅಂತ ಕೇಳಿ, ಗೊತ್ತಿಲ್ಲ!"

"ಅದಕ್ಕೂ ಗುರುತಿದೆ ಅತ್ತೆ. ಒಲೆ ಮೇಲೆ ಕಪ್ಪು ಪಟ್ಟಿ!"

ಪ್ರಬಂಧ ಮುಗಿದು, ಒಪ್ಪಿಸುವ ಗಡುವು ಹತ್ತಿರ ಬಂದಿತ್ತು. ಒಂದು ಸಂಜೆ ನೀಲಕ್ಕ ಮುಖ ಚಿಕ್ಕದು ಮಾಡಿಕೊಂಡು ಕೆಳಗೆ ಬಂದಳು. ಹಿಂದೆಯೇ ಅತ್ತೆ.

"ಕೊನೇ ಸಲ ಅಂತ ಎಲ್ಲಾ ತಿರುಗಿ ನೋಡ್ತಿದ್ದೆ. ಪಟ್ಟಿಯ ಕೆಳಗಿನ ಕಲ್ಲಲ್ಲಿ ಎರಡು ಚಿಪ್ಪು ಸಿಕ್ಕಿವೆ ಮೇಷ್ಟ್ರೇ. ನನ್ನ ಲೆಕ್ಕದ ಪ್ರಕಾರ ಆ ಕಾಲಕ್ಕೆ ಆ ಜಾತಿ ಇನ್ನೂ ಹುಟ್ಟೇ ಇರಲಿಲ್ಲ."

"ನೀಲಿಯಾಗಿವೆಯೋ?"

"ಇಲ್ಲ, ಬೆಳ್ಳಗಿವೆ."

"ಹಾಗಾದರೆ ಕಳ್ಳರಲ್ಲ."

"ಅದೇ ಗೊತ್ತಾಗ್ತಿಲ್ಲ. ಆ ಕಲ್ಲು ತೊಳೆದದ್ದು ಮೈದುನನ ಮದುವೆಯ ವಾರ." ಅತ್ತೆಯ ಕಡೆ ಒಂದು ನೋಟ ಬೀರಿದಳು. "ಫೋಟೋದಲ್ಲಿ ಕೈ ನೀಲಿ ಇರಬಾರದು ಅಂತ ಇವರು ಹಟ ಹಿಡಿದ್ರು. ಆ ವಾರ ಬಣ್ಣ ಮುಟ್ಟಲಿಲ್ಲ, ಜರಡೀನ ಬ್ರಷ್ಷಲ್ಲಿ ಉಜ್ಜಿದೆ ಅಷ್ಟೇ. ಅದೇ ವಾರ, ಈ ಕಲ್ಲಿಗಿಂತ ಸ್ವಲ್ಪ ಮುಂಚೆ ತೊಳೆದದ್ದು ಪಟ್ಟಿಯ ಮೇಲಿನ ಕಲ್ಲು. ಅದರಲ್ಲಿ ಈ ಜಾತಿ ಬೇಕಾದಷ್ಟಿದೆ."

"ಅಯ್ಯೋ ರಾಮ, ಸಮುದ್ರದ ವಿಷಯದಲ್ಲೂ ಅತ್ತೆಯದೇ ತಪ್ಪಾ!"

ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ. ಚಿಪ್ಪುಗಳು ನಿಜವಾದರೆ ಪ್ರಬಂಧದ ಬುಡವೇ ಅಲುಗುತ್ತಿತ್ತು. ಗಡುವು ಮೀರಿದರೆ ವರ್ಷಗಳ ಓದು ನೀರುಪಾಲು. ಜರಡಿಯ ದೋಷವೆಂದು ಆ ಎರಡನ್ನು ಪಕ್ಕಕ್ಕಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ.

"ಆ ಕಲ್ಲಿನ ಇನ್ನರ್ಧ ತುಂಡು ಹಾಗೇ ಇದೆ. ಅದನ್ನ ತೊಳೀತೀನಿ," ಎಂದಳು.

"ನೀಲಿ ಹಾಕ್ಕೊಂಡೇ ತೊಳಿ. ಯಾರ ಮದುವೆ ಇದ್ರೂ ಸರಿ," ಎಂದರು ಅತ್ತೆ.

ಆ ವಾರವೆಲ್ಲ ಅವಳು ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲೇ ಕಳೆದಳು. ಆಮೇಲೊಂದು ಮಧ್ಯಾಹ್ನ ಮೆಟ್ಟಿಲ ಮೇಲಿಂದಲೇ ಅತ್ತೆಯ ದನಿ: "ಮೇಷ್ಟ್ರೇ! ನಂದೇನೂ ತಪ್ಪಿಲ್ಲವಂತೆ!"

ಹಿಂದೆ ನೀಲಕ್ಕ, ಮೊಣಕೈವರೆಗೆ ನೀಲಿ. ನೀಲಿಯಲ್ಲಿ ಅದ್ದಿದ ಜರಡಿಯಲ್ಲಿ ತೊಳೆದರೂ ಅದೇ ಜಾತಿಯ ಚಿಪ್ಪುಗಳು ಸಿಕ್ಕಿದ್ದವು. ಒಂದೆರಡಲ್ಲ, ಹಲವು, ಎಲ್ಲವೂ ಬೆಳ್ಳಗೆ.

"ಹಾಗಾದರೆ ನಿನ್ನ ಪ್ರಬಂಧ?"

"ತಪ್ಪು ಮೇಷ್ಟ್ರೇ! ಫೋಟೋದಲ್ಲಿ ಡ್ರಿಲ್ ಮೇಷ್ಟ್ರು ಕೂತಿದ್ದಾರೆ. ಅಂದ್ಮೇಲೆ ಅದು ಅವರು ಕೆಲಸಕ್ಕೆ ಸೇರಿದ ಮೇಲಿನ ಫೋಟೋನೇ. ಕಪ್ಪು ಪಟ್ಟಿ ನಾನು ಬರೆದದ್ದಕ್ಕಿಂತ ಈಚಿನದು. ಎರಡು ಅಧ್ಯಾಯ ಮೊದಲಿಂದ ಬರೀಬೇಕು." ಇಷ್ಟು ಹೇಳುವಾಗ ಅವಳ ಮುಖ ಮೊರದಗಲವಾಗಿತ್ತು. ತಪ್ಪು ಸಿಕ್ಕಿದ್ದಕ್ಕೆ ಇಷ್ಟು ಹಿಗ್ಗಿದ ವಿದ್ಯಾರ್ಥಿಯನ್ನು ನಾನು ಕಂಡದ್ದಿಲ್ಲ.

ಅವಳ ಪ್ರೊಫೆಸರರು ಹೋಗಿ ಮಾತನಾಡಿದರು. ವಿಶ್ವವಿದ್ಯಾಲಯ ಗೊಣಗುತ್ತಲೇ ಗಡುವು ಮುಂದೂಡಿತು. ಮುಂದಿನ ವರ್ಷ ಅವಳಿಗೆ ಡಾಕ್ಟರೇಟ್ ಬಂತು. ಅದರಲ್ಲಿ ಅರ್ಧ ಪಾಲು ತಮ್ಮದೆಂದು ಅತ್ತೆ ಇಂದಿಗೂ ವಾದಿಸುತ್ತಾರೆ.

ಮೊನ್ನೆ ಮೈದುನನ ಮಗುವಿನ ಜೊತೆ ಮನೆಮಂದಿಯೆಲ್ಲ ಫೋಟೋಗೆ ನಿಂತಿದ್ದರು. ಫೋಟೋದವನು, "ಅಕ್ಕಾ, ಕೈ ತೊಳ್ಕೊಂಡು ಬನ್ನಿ," ಎಂದ.

"ತೊಳೆದದ್ದಕ್ಕೇ ಹಾಗಾಗಿರೋದು. ಸುಮ್ನೆ ತೆಗಿಯಪ್ಪಾ," ಎಂದರು ಅತ್ತೆ.

ಈಗ ನೀಲಕ್ಕ ಬೇರೊಂದು ಸಮುದ್ರದ ಕಲ್ಲು ತೊಳೆಯುತ್ತಿದ್ದಾಳೆ. ಅಲ್ಲಿಯೂ ಒಂದು ಕಪ್ಪು ಪಟ್ಟಿಯಿದೆ. ಎರಡು ಕಡೆಯೂ ಉಸಿರು ನಿಂತದ್ದು ಒಂದೇ ಕಾಲಕ್ಕೋ ಎಂದು ನೋಡಬೇಕಂತೆ. ನನ್ನ ಸ್ಕ್ರೂಡ್ರೈವರ್ ಸದ್ಯಕ್ಕೆ ಅವಳ ಪ್ರಯೋಗಾಲಯದಲ್ಲಿದೆ. ಅಲ್ಲಿನ ನಲ್ಲಿ ಅಲುಗಾಡುತ್ತಿತ್ತಂತೆ.